ಮಲೆಯ ದಾರಿಯಲ್ಲಿ ಜೀಪು

ಕೊಡಚಾದ್ರಿಯ ನೆತ್ತಿ ಸಮುದ್ರಮಟ್ಟದಿಂದ 1343 ಮೀಟರು ಎತ್ತರದಲ್ಲಿದೆ. ಕೊಲ್ಲೂರಿಗೆ ಬಂದ ಯಾತ್ರಿಕರಲ್ಲಿ ಹಲವರು ಬಾಡಿಗೆಯ ಜೀಪು ಹಿಡಿದು ಆ ಬೆಟ್ಟವನ್ನು ಏರುವುದುಂಟು. ದಾರಿಯೆಂಬುದು ಅಲ್ಲಿ ಹೆಸರಿಗೆ ಮಾತ್ರ. ಇರುವುದು ಕಲ್ಲು, ಕೊರಕಲು, ಮಳೆ ಬಿದ್ದಾಗ ಜಾರುವ ಕೆಮ್ಮಣ್ಣು. ಏರುವಾಗ ಜೀಪಿನೊಳಗಿನವರು ಕಂಬಿಯನ್ನು ಬಿಗಿಹಿಡಿದು ಮೂಕಾಂಬಿಕೆಯನ್ನು ಸ್ಮರಿಸುತ್ತಾರೆ. ಇಳಿಯುವಾಗಲಾದರೋ ಭಯ ಕಳೆದು ಹರಟೆ ಆರಂಭವಾಗುತ್ತದೆ. ವಾಸ್ತವದಲ್ಲಿ ಇದು ತಿರುವುಮುರುವಾಗಬೇಕಾದ ಕ್ರಮ. ಅಪಾಯವಿರುವುದು ಏರಿನಲ್ಲಿ ಅಲ್ಲ, ಇಳುಕಲಿನಲ್ಲಿ. ಏಕೆಂಬುದನ್ನು ತಿಳಿಯಲು ಈ ವಾಹನದ ಒಡಲನ್ನು ಸ್ವಲ್ಪ ಬಗೆದು ನೋಡಬೇಕು.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ಎಲ್ಲಿಯಾದರೂ ನುಗ್ಗಬಲ್ಲ ಬಂಡಿಯೊಂದನ್ನು ಬಯಸಿತು. ಮಹಾಯುದ್ಧ ಮುಗಿಯುವುದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದ್ದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಇವನ್ನು ಜೋಡಿಸತೊಡಗಿದರು. ಅಂದಿನಿಂದ ಕೊಡಗು, ಚಿಕ್ಕಮಗಳೂರುಗಳ ತೋಟಗಳಿಗೆ ಜೀಪು ಮನೆಯ ದನಕರುಗಳಷ್ಟೇ ಆಪ್ತವಾಯಿತು.

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡೇ ಗಾಲಿಗಳಿಗೆ ಹೋಗುತ್ತದೆ. ತಿರುವಿನಲ್ಲಿ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕಷ್ಟೆ. ಎರಡೂ ತಮ್ಮ ತಮ್ಮ ವೇಗದಲ್ಲಿ ತಿರುಗಲೆಂದು ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪನ್ನು ಇಟ್ಟಿರುತ್ತಾರೆ. ಡಾಂಬರಿನ ಮೇಲೆ ಇದು ಬಹಳ ಉಪಕಾರಿ. ಕೆಸರಿನಲ್ಲಾದರೋ ಇದೇ ಉಪಕಾರಿ ವೈರಿಯಾಗುತ್ತದೆ: ಹಿಡಿತ ತಪ್ಪಿದ ಗಾಲಿ ವೃಥಾ ಗಿರಗಿರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಂತುಬಿಡುತ್ತದೆ. ಜೀಪಿನಲ್ಲಿ ಮುಂದಿನ ಗಾಲಿಗಳಿಗೂ ಶಕ್ತಿ ಕೊಡುವ ಏರ್ಪಾಡಿರುವುದರಿಂದ ಹಿಂದಿನವು ಸೋತಲ್ಲಿ ಮುಂದಿನವು ಎಳೆಯುತ್ತವೆ. ಆದರೂ ಮುಂದೊಂದು, ಹಿಂದೊಂದು ಗಾಲಿ ಏಕಕಾಲಕ್ಕೆ ಹಿಡಿತ ಕಳೆದುಕೊಂಡರೆ, ಡಿಫರೆನ್ಷಿಯಲನ್ನು ಬಂಧಿಸುವ ಸಾಧನವಿಲ್ಲದ ಜೀಪು ಅಲ್ಲಿಯೇ ಹೂತು ನಿಲ್ಲುತ್ತದೆ. ಹಳೆಯ ಮಾದರಿಯ ಜೀಪುಗಳಲ್ಲಿ ಈ ಏರ್ಪಾಡನ್ನು ಒಣ ಡಾಂಬರಿನ ಮೇಲೆ ಬಳಸಲೇಬಾರದು. ತಿರುವಿನಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚು ಸಮದೂರ ಕ್ರಮಿಸುವುದಿಲ್ಲ. ಆ ಬಿಗಿತ ಮಣ್ಣಿನಲ್ಲಿ ಗಾಲಿ ಕೊಂಚ ಜಾರಿದರೆ ಸಡಿಲಗೊಳ್ಳುತ್ತದೆ; ಡಾಂಬರಿನ ಮೇಲೆ ಸಡಿಲಗೊಳ್ಳದೆ ಯಂತ್ರವನ್ನೇ ಮುರಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ನಾಲ್ಕು ಗಾಲಿಗಳ ಬಲ ಎಳೆಯುವ ಬಲವೇ ಹೊರತು ನಿಲ್ಲಿಸುವ ಬಲವಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೆ ಇರುತ್ತದೆ; ಈ ವಿಷಯದಲ್ಲಿ ಜೀಪಿಗೆ ಹೆಚ್ಚಿನ ವರವೇನೂ ಇಲ್ಲ. ಅಂದರೆ, ಬೇರೆ ವಾಹನಗಳು ಕೆಳಗೇ ಸೋತು ನಿಲ್ಲುವ ಜಾಗವನ್ನು ದಾಟಿ ಜೀಪು ನಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ಅಲ್ಲಿಂದ ಕೆಳಗಿಳಿಸುವಾಗ ಅದೂ ಇತರ ವಾಹನಗಳಂತೆಯೇ ಜಾರುತ್ತದೆ.

ಹಿಂದೆ ಘಟ್ಟ ಇಳಿಯುತ್ತಿದ್ದ ಎತ್ತಿನ ಗಾಡಿಯನ್ನು ನೆನೆಯಿರಿ. ಎತ್ತುಗಳು ಮೈ ಹಿಂದಕ್ಕೆಳೆದು, ನೊಗಕ್ಕೆ ಕೊರಳೊಡ್ಡಿ ಭಾರವನ್ನು ತಡೆಯುತ್ತ ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತಿದ್ದವು. ಜೀಪಿನಲ್ಲಿ ಆ ಕೆಲಸವನ್ನು ಎಂಜಿನ್ನು ಮಾಡಬೇಕು. ಇಳುಕಲಿನ ತಲೆಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ನಡೆದು ದಾರಿ ನೋಡಿ ಬರಬೇಕು. ಅನಂತರ ಲೋ ಗೇರಿನಲ್ಲಿ, ಅದರಲ್ಲಿಯೂ ಒಂದನೆಯದರಲ್ಲಿ, ನೇರವಾಗಿ ಇಳಿಯಬೇಕು. ನಡುವೆ ಕ್ಲಚ್ಚು ಒತ್ತುವುದೆಂದರೆ ಎತ್ತುಗಳನ್ನು ನೊಗದಿಂದ ಬಿಡಿಸಿದಂತೆ. ಬ್ರೇಕನ್ನು ಬಲವಾಗಿ ಒತ್ತಿದರೆ ಗಾಲಿ ಸ್ತಬ್ಧವಾಗಿ ಜಾರತೊಡಗುತ್ತದೆ. ಉರುಳದ ಗಾಲಿಗೆ ದಿಕ್ಕಿಲ್ಲ, ಸ್ಟಿಯರಿಂಗ್ ತಿರುಗಿಸಿ ಫಲವಿಲ್ಲ. ಹಾಗೆ ಜಾರತೊಡಗಿದಾಗ ಬ್ರೇಕು ಬಿಟ್ಟು, ಆಕ್ಸಿಲರೇಟರನ್ನು ಒಂದಿಷ್ಟು ಒತ್ತಿ ಗಾಲಿಗಳು ಮತ್ತೆ ಉರುಳುವಂತೆ ಮಾಡಬೇಕು. ಮನಸ್ಸು ಒಪ್ಪದ ಕೆಲಸವಿದು. ಅಭ್ಯಾಸದಿಂದ ಮಾತ್ರ ಸಿದ್ಧಿಸುತ್ತದೆ. ಇಂದಿನ ಬೆಲೆಬಾಳುವ ಕೆಲವು ವಾಹನಗಳಲ್ಲಿ ಇಳಿತವನ್ನು ನಿಯಂತ್ರಿಸುವ ಗುಂಡಿಯೊಂದಿರುತ್ತದೆ. ಇದ್ದರೆ ಒಳ್ಳೆಯದೇ, ಆದರೆ ಇಳಿದು ದಾರಿ ನೋಡುವ ಕೆಲಸವನ್ನು ಅದು ಮಾಡದು. ಏರಿನಲ್ಲಿ ಎಂಜಿನ್ನು ನಿಂತುಹೋದರೂ ನೇರವಾದ ದಾರಿಯೇ ಗತಿ. ರಿವರ್ಸ್ ಗೇರಿನಲ್ಲಿ ಬಂದ ಜಾಡಿನಲ್ಲಿಯೇ ಹಿಂದಕ್ಕೆ ಬರಬೇಕು. ಅಲ್ಲಿಯೇ ಅಡ್ಡ ತಿರುಗಿಸಹೊರಟ ಜೀಪು ಮಗುಚುತ್ತದೆ.

ಮಗುಚುವುದರಲ್ಲಿ ಹೊರೆಯ ಪಾತ್ರ ದೊಡ್ಡದು. ಮಲೆನಾಡಿನ ಜೀಪಿನಲ್ಲಿ ಹಿಂದೆ ಎದುರುಬದುರು ಬೆಂಚಿನ ಮೇಲೆ ಕೂಲಿಯ ಹೆಂಗಸರು, ಶಾಲೆಯ ಮಕ್ಕಳು, ಒಮ್ಮೊಮ್ಮೆ ಆಸ್ಪತ್ರೆಗೆ ಹೊರಟ ಬಸುರಿ ಇರುತ್ತಾರೆ. ಹಲವು ಜೀಪುಗಳಲ್ಲಿ ಆ ಬೆಂಚುಗಳಿಗೆ ಬೆಲ್ಟೂ ಇರುವುದಿಲ್ಲ. ಹಿಂದೆ ಜೋತುಬಿದ್ದವರು, ತಾರಸಿಯ ಮೇಲಿನ ಮೂಟೆಗಳು ಬೇರೆ. ಹಿಂಭಾಗ ಭಾರವಾದಷ್ಟೂ ಏರಿನಲ್ಲಿ ಮುಂದಿನ ಗಾಲಿಗಳು ಹಗುರವಾಗುತ್ತವೆ, ಚಾಲಕನ ಮಾತು ಕೇಳುವುದಿಲ್ಲ. ಭಾರ ಮೇಲಿದ್ದಷ್ಟೂ ಪಕ್ಕಕ್ಕೆ ವಾಲುವ ಭಯ ಹೆಚ್ಚು. ಇದಕ್ಕಿರುವ ಉಪಾಯ ಅತ್ಯಂತ ಸರಳವಾದುದು: ಎಲ್ಲರನ್ನೂ ಇಳಿಸಿ, ಕೆಟ್ಟ ಜಾಗವನ್ನು ಕಾಲ್ನಡಿಗೆಯಲ್ಲಿ ದಾಟಿಸುವುದು. ಹಾಗೆ ಮಾಡಿದರೆ ಚಾಲಕನ ಕೈಚಳಕಕ್ಕೆ ಕುಂದೆಂಬ ಭಾವನೆ ಯಾಕೋ ನಮ್ಮಲ್ಲಿ ಬೇರೂರಿದೆ. ಸಾರಥಿಯ ಹೊಣೆ ರಥಕ್ಕಿಂತ ಮೊದಲು ರಥದಲ್ಲಿ ಕುಳಿತವರದು ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಹಳ್ಳದ ವಿಷಯದಲ್ಲಿ ಅನುಭವಸ್ಥರು ಒಂದೇ ನಿಯಮ ಹೇಳುತ್ತಾರೆ: ನಡೆದು ದಾಟಲಾಗದ ನೀರಿಗೆ ಜೀಪು ಇಳಿಸಬೇಡ. ಮೂವತ್ತು ಸೆಂಟಿಮೀಟರಿನಷ್ಟು ಸೆಳವಿನ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಅರವತ್ತು ಸೆಂಟಿಮೀಟರಾದರೆ ಬಹುತೇಕ ಎಲ್ಲ ವಾಹನಗಳನ್ನೂ ಕೊಚ್ಚಿಕೊಂಡು ಹೋದೀತು. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ. ಬೆಳಗ್ಗೆ ಮೊಣಕಾಲುದ್ದವಿದ್ದ ಹಳ್ಳ ಮಧ್ಯಾಹ್ನಕ್ಕೆ ಎದೆಯುದ್ದವಾದರೆ ಆಶ್ಚರ್ಯವಿಲ್ಲ. ಇಳಿಯಲೇಬಹುದಾದ ನೀರಾದರೆ ಒಂದೇ ಗೇರಿನಲ್ಲಿ, ಒಂದೇ ಹದದ ನಿಧಾನದಲ್ಲಿ ದಾಟಬೇಕು. ನಡುನೀರಿನಲ್ಲಿ ಎಂಜಿನ್ನು ನಿಂತರೆ ಮತ್ತೆ ಚಾಲೂ ಮಾಡಬಾರದು. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದು. ಒಳಹೊಕ್ಕ ನೀರು ಎಂಜಿನ್ನಿನ ಕಬ್ಬಿಣದ ಕೋಲುಗಳನ್ನೇ ಬಗ್ಗಿಸುತ್ತದೆ. ದಡ ಸೇರಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಸಾಗಿ ಅದನ್ನು ಒಣಗಿಸಿಕೊಳ್ಳಬೇಕು.

ಇನ್ನು ಹೂತ ಗಾಲಿ. ಕರ್ಣನ ರಥದ ಗಾಲಿಯನ್ನು ನೆಲ ನುಂಗಿದ್ದಕ್ಕೆ ಶಾಪ ಕಾರಣ. ನಮ್ಮ ಜೀಪಿನ ಗಾಲಿಯನ್ನು ನುಂಗಿಸುವುದು ಬಹುಮಟ್ಟಿಗೆ ನಮ್ಮ ಬಲಗಾಲು. ಸಿಕ್ಕಿಕೊಂಡ ಗಾಲಿಯನ್ನು ರಭಸದಿಂದ ತಿರುಗಿಸಿದಷ್ಟೂ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಆಗ ಎಂಜಿನ್ನು ನಿಲ್ಲಿಸಿ, ಗಾಲಿಯ ಮುಂದಿನ ಮಣ್ಣು ಬಗೆದು, ಕಲ್ಲನ್ನೋ ಕೊಂಬೆಯನ್ನೋ ಹಾಸುವುದು ಲೇಸು. ಮರಳಾದರೆ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಬಹುದು. ಟೈರು ಅಗಲವಾಗಿ ನೆಲವನ್ನು ಹಿಡಿಯುತ್ತದೆ. ಡಾಂಬರಿಗೆ ಬಂದೊಡನೆ ಗಾಳಿ ತುಂಬಿಸಬೇಕು.

ಹಗ್ಗ ಕಟ್ಟಿ ಇನ್ನೊಂದು ವಾಹನದಿಂದ ಎಳೆಸುವಾಗ ಊರಿನವರೆಲ್ಲ ಸುತ್ತ ನೆರೆಯುತ್ತಾರೆ, ಮಕ್ಕಳಂತೂ ಹಗ್ಗದ ಪಕ್ಕದಲ್ಲಿಯೇ. ಬಿಗಿದ ಹಗ್ಗವೋ ಅದರ ಕೊಕ್ಕೆಯೋ ಕಿತ್ತುಬಂದರೆ ಬಂದೂಕಿನ ಗುಂಡಿನಂತೆ ಹಾರುತ್ತದೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಎಲ್ಲರನ್ನೂ ಕಳುಹಿಸಿ, ಹಗ್ಗದ ನಡುವೆ ಒಂದು ದಪ್ಪ ಕಂಬಳಿಯನ್ನು ಹೊದಿಸಿದ ಮೇಲೆಯೇ ಎಳೆಯತೊಡಗಬೇಕು.