ಹಕ್ಕಿಗರಿಯ ಶುದ್ಧಪಾಠ

ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ಹಾದು ಕಳಸದತ್ತ ಸಾಗುವ ದಾರಿಯ ಇಕ್ಕೆಲಗಳಲ್ಲಿಯೂ ಕಾಫಿಯ ತೋಟಗಳು ಹಬ್ಬಿವೆ. ಗಿಡಗಳ ಮೇಲೆ ಹಲಸು, ಅತ್ತಿ, ಹಾಲವಾಣ, ಸಿಲ್ವರ್ ಓಕ್ ಮರಗಳ ನೆರಳು. ಮುಂಗಾರಿನಲ್ಲಂತೂ ನಡುಹಗಲೂ ಮುಸ್ಸಂಜೆಯೇ. ಹಕ್ಕಿಗಳ ತವರೆನಿಸಿದ ಈ ಸೀಮೆಯು ಬೆಳಕಿನ ವಿಷಯದಲ್ಲಿ ಮಾತ್ರ ಬಡವಾಗಿದೆ. ಛಾಯಾಗ್ರಾಹಕರು 'ನಾಯ್ಸ್' ಎಂದು ಕರೆಯುವ ದೋಷವು ಹುಟ್ಟುವುದು ಈ ಬಡತನದಿಂದಲೇ. ಚಿತ್ರದ ಮೇಲೆ ರಾಗಿ ಚೆಲ್ಲಿದಂತೆ ತೋರುವ ಕಾಳುಕಾಳಾದ ಮಸುಕಿಗೂ, ನೆರಳಿನೆಡೆಯಲ್ಲಿ ಮೂಡುವ ಬಣ್ಣಬಣ್ಣದ ಚುಕ್ಕೆಗಳಿಗೂ ಇದೊಂದೇ ಹೆಸರು.

ಬೆಳಕು ಎಡೆಬಿಡದ ಧಾರೆಯಲ್ಲ, ಬಿಡಿಬಿಡಿಯಾಗಿ ಬೀಳುವ ಕಣಗಳ ಮಳೆ. ಅಂಗಳದಲ್ಲಿ ಇರಿಸಿದ ಎರಡು ಬಟ್ಟಲುಗಳಿಗೆ ಮಳೆಯ ಮೊದಲ ಹನಿಗಳು ಸಮನಾಗಿ ಬೀಳುವುದಿಲ್ಲ. ಜಡಿಮಳೆ ಹಿಡಿದ ಮೇಲೆ ಆ ಅಂತರವು ಗಣನೆಗೆ ಬಾರದು. ಕ್ಯಾಮೆರಾದ ಒಂದು ಬಿಂದುವಿಗೆ 100 ಕಣಗಳು ಬಿದ್ದಲ್ಲಿ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಕಣಗಳು ಬಿದ್ದಲ್ಲಿ ಏರುಪೇರು 100, ಅಂದರೆ ನೂರಕ್ಕೆ ಒಂದೇ ಒಂದು. ಐ.ಎಸ್.ಓ. ಏರಿಸಿದ್ದರಿಂದಲೇ ಚಿತ್ರವು ಕೆಟ್ಟಿತೆನ್ನುವುದು ವಾಡಿಕೆಯಾದರೂ ಅದು ಅರ್ಧ ಸತ್ಯ. ಅದಕ್ಕೆ ಅಂಜಿ ಚಿತ್ರವನ್ನು ಕಪ್ಪಾಗಿ ತೆಗೆದು, ಅನಂತರ ಗಣಕಯಂತ್ರದಲ್ಲಿ ಬೆಳಗಿಸಲು ಹೊರಟರೆ ನೆರಳಿನೆಡೆಯ ದೋಷವು ಹಲವು ಕ್ಯಾಮೆರಾಗಳಲ್ಲಿ ಇಮ್ಮಡಿಯಾಗಿ ಕಣ್ಣಿಗೆ ರಾಚುವುದುಂಟು.

ಮೂಡಿಗೆರೆಯಲ್ಲಿ ನೆಲೆಸಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರ (1938–2007) ಕಾಲದ ಬಹುಭಾಗವು ಫಿಲ್ಮಿನದಾಗಿತ್ತು. ಫಿಲ್ಮಿನ ವೇಗವು ಹೆಚ್ಚಿದಷ್ಟೂ ಕಣವು ದಪ್ಪ. ಸುರುಳಿಯನ್ನು ಕ್ಯಾಮೆರಾಕ್ಕೆ ತೊಡಿಸಿದಾಗಲೇ ಆಯ್ಕೆಯು ಮುಗಿಯುತ್ತಿತ್ತು. ಇಂದಿನ ಆಯ್ಕೆಯು ಚಿತ್ರ ತೆಗೆದ ಮೇಲೂ ಉಳಿಯುತ್ತದೆ. ತೊಡಕಿರುವುದೂ ಅಲ್ಲಿಯೇ.

ಕ್ರಮವು ಹೀಗಿದ್ದರೆ ಲೇಸು. ಕ್ಯಾಮೆರಾವು ತಾನೇ ಒರೆಸಿ ಕೊಡುವ ಜೆಪೆಗ್ ಪ್ರತಿಗಿಂತ 12 ಅಥವಾ 14 ಬಿಟ್‌ಗಳ 'ರಾ' ಕಡತವನ್ನು ಮೂಲವೆಂದು ಹಿಡಿಯಬೇಕು. ಮೊದಲು ನಾಯ್ಸ್ ನಿವಾರಣೆ, ಕಟ್ಟಕಡೆಗೆ ಹರಿತಗೊಳಿಸುವಿಕೆ. ತಿರುಗುಮುರುಗಾದರೆ ಗರಿಯೊಡನೆ ಕಾಳೂ ಹರಿತವಾಗುತ್ತದೆ. ಬಣ್ಣದ ಚುಕ್ಕೆಗಳನ್ನು ಧಾರಾಳವಾಗಿ ತೆಗೆಯಬಹುದು, ಏಕೆಂದರೆ ಬಣ್ಣದ ಸೂಕ್ಷ್ಮವ್ಯತ್ಯಾಸಗಳನ್ನು ನಮ್ಮ ಕಣ್ಣು ಅಷ್ಟಾಗಿ ಗ್ರಹಿಸದು. ಬೆಳಕುನೆರಳಿನ ಕಾಳುಗಳಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. ಹಿನ್ನೆಲೆಯ ಎಲೆಹಸಿರನ್ನು ಎಷ್ಟು ನಯಗೊಳಿಸಿದರೂ ಹಾನಿಯಿಲ್ಲ. ಹಕ್ಕಿಯನ್ನು ಬೇರ್ಪಡಿಸಿ, ಅದರ ಮೈಯನ್ನು ಹಗುರವಾಗಿ ಮುಟ್ಟತಕ್ಕದ್ದು. ಕಾಕರಣೆ ಹಕ್ಕಿಯ ಗಂಡಿನ ರೆಕ್ಕೆಯ ಮೇಲಿರುವ ಕಪ್ಪುಬಿಳುಪಿನ ನವುರಾದ ಗೆರೆಗಳನ್ನು ಯಂತ್ರವು ನಾಯ್ಸ್ ಎಂದೇ ಬಗೆದು ಅಳಿಸಿಬಿಡಬಲ್ಲದು. ಇದೇ ಹಕ್ಕಿ ಕೊಂಬೆಯ ಮೇಲೆ ಬಹಳ ಹೊತ್ತು ಅಲುಗದೆ ಕೂರುವ ಪುಣ್ಯಾತ್ಮ! ಆಗ ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನಿಟ್ಟು 16 ಚಿತ್ರಗಳನ್ನು ತೆಗೆದು ಸರಾಸರಿ ಮಾಡಿದರೆ, ಒಂದು ಗರಿಯೂ ಅಳಿಯದೆ ನಾಯ್ಸ್ ಕಾಲುಭಾಗಕ್ಕೆ ಇಳಿಯುತ್ತದೆ.

ಡಾರ್ಕ್‌ಟೇಬಲ್, ರಾಥೆರಪಿ ಎಂಬ ಸಾಫ್ಟ್‌ವೇರ್‌ಗಳು ಉಚಿತವಾಗಿ ದೊರೆಯುವುದರಿಂದ ಶಾಲೆಗಳಿಗೆ ಅನುಕೂಲ. ಡಿಎಕ್ಸ್‌ಓ ಸಂಸ್ಥೆಯ ಡೀಪ್‌ಪ್ರೈಮ್ (2020), ಅಡೋಬಿ ಲೈಟ್‌ರೂಮಿನ ಡಿನಾಯ್ಸ್ (2023) ಮೊದಲಾದವು ಕೃತಕ ಬುದ್ಧಿಮತ್ತೆಯಿಂದ ಕೆಲಸ ಮಾಡುವಂಥವು. ಅವುಗಳ ಫಲ ಬೆರಗು ಹುಟ್ಟಿಸುವಂಥದು. ಆದರೆ ಅಸಂಖ್ಯ ಚಿತ್ರಗಳನ್ನು ಕಂಡು ಕಲಿತ ಯಂತ್ರವು ಇಲ್ಲದೆಡೆಯಲ್ಲಿಯೂ ಗರಿಯ ಎಳೆಗಳನ್ನು ಊಹಿಸಿ ಬರೆಯುವ ಅಪಾಯವುಂಟು. ಫ. ಗು. ಹಳಕಟ್ಟಿಯವರು (1880–1964) ಊರೂರು ಅಲೆದು ಸಂಗ್ರಹಿಸಿದ ಓಲೆಗಳಿಂದ ವಚನಗಳನ್ನು ಬೆಳಕಿಗೆ ತಂದುದನ್ನು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದುದನ್ನು ಈ ಸಂಚಿಕೆಯ ಓದುಗರು ಬಲ್ಲರು. ಓಲೆಗರಿಯ ಧೂಳನ್ನು ಒರೆಸುವುದು ಸಂಪಾದಕನ ಧರ್ಮ. ಹುಳು ತಿಂದೆಡೆಯಲ್ಲಿ ತನಗೆ ತೋಚಿದ ಅಕ್ಷರವನ್ನು ಗುರುತಿಲ್ಲದೆ ತುಂಬಿದರೆ ಅದು ಪ್ರಕ್ಷೇಪ. ಹಕ್ಕಿಗರಿಗೂ ಇದೇ ನ್ಯಾಯ ಸಲ್ಲುತ್ತದೆ.

ಇದು ಬರಿಯ ಪಾಂಡಿತ್ಯದ ಹಟವಲ್ಲ. ಚಳಿಗಾಲದಲ್ಲಿ ಉತ್ತರದಿಂದ ಈ ತೋಟಗಳಿಗೆ ವಲಸೆ ಬರುವ ಎಲೆ ಉಲಿಯಕ್ಕಿಗಳಲ್ಲಿ ಹಲವು ಜಾತಿಗಳಿದ್ದು, ಅವು ನೋಟಕ್ಕೆ ಅವಳಿಜವಳಿಗಳಂತಿವೆ. ಅವುಗಳನ್ನು ಬೇರ್ಪಡಿಸಲು ರೆಕ್ಕೆಯ ಮೇಲಿನ ಮಸುಕಾದ ಒಂದು ಪಟ್ಟಿ, ಹೊಟ್ಟೆಯ ಹಳದಿಯ ಛಾಯೆ, ಕೊಕ್ಕಿನ ಬಣ್ಣ, ಇಂಥ ಅಲ್ಪ ಲಕ್ಷಣಗಳೇ ಆಧಾರ. ನಯಗೊಳಿಸುವ ಭರದಲ್ಲಿ ಪಟ್ಟಿಯು ಅಳಿದುಹೋದರೆ ವಿದ್ಯಾರ್ಥಿಯು ಒಂದು ಹಕ್ಕಿಯನ್ನು ಕಂಡು ಇನ್ನೊಂದರ ಹೆಸರನ್ನು ದಾಖಲಿಸಿದಂತಾಗುತ್ತದೆ. ಗೋಡೆಗೆ ತೂಗುವ ಚಿತ್ರಕ್ಕೆ ಎಷ್ಟು ಮೆರುಗಾದರೂ ಇರಲಿ; ಗುರುತಿಗಾಗಿ ಇರಿಸುವ ಪ್ರತಿಯಲ್ಲಿ ಸ್ವಲ್ಪ ನಾಯ್ಸ್ ಉಳಿದರೂ ಚಿಂತೆಯಿಲ್ಲ, ಮೂಲ ಕಡತವನ್ನಂತೂ ಅಳಿಸಕೂಡದು.

ಅಚ್ಚಿಗೆ ಕೊಡುವಾಗ ಇಷ್ಟೆಲ್ಲ ಶ್ರಮವು ಅನೇಕವೇಳೆ ಬೇಕೇ ಆಗುವುದಿಲ್ಲ. 24 ಮೆಗಾಪಿಕ್ಸೆಲ್ ಚಿತ್ರದ ಅಗಲವು 6,000 ಬಿಂದು. ಅಂಗುಲಕ್ಕೆ 300 ಬಿಂದುವಿನಂತೆ ಆರಂಗುಲದ ಮುದ್ರಣಕ್ಕೆ 1,800 ಸಾಕು. ಕುಗ್ಗಿಸುವಾಗ ಸುಮಾರು ಹನ್ನೊಂದು ಬಿಂದುಗಳು ಒಂದಾಗಿ ಬೆರೆಯುವುದರಿಂದ ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಗಾಬರಿ ಹುಟ್ಟಿಸಿದ ಕಾಳುಗಳು ಕಾಗದದ ಮೇಲೆ ಬಹುಮಟ್ಟಿಗೆ ತಾವಾಗಿಯೇ ಅಡಗಿರುತ್ತವೆ.