ಹೇಳಲಾಗದ ಅವಸರಕ್ಕೂ ಒಂದು ಅಳತೆ

ಶಾಲೆಯ ಪೋಷಕರ ಸಭೆಗೆ ಹೊರಡಬೇಕಾದ ತಾಯಿ ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಬಸ್ಸಿನಲ್ಲಿ ಮೂತ್ರಶಂಕೆ ಬಂದರೆ ಗತಿಯೇನೆಂಬ ಅಂಜಿಕೆ. ಅನೇಕ ಸ್ತ್ರೀಯರು ಇದನ್ನು ವಯಸ್ಸಿನ ಸಹಜ ಫಲವೆಂದೇ ತಿಳಿದು, ಮನೆಯವರಿಗೂ ಹೇಳದೆ ವರ್ಷಗಟ್ಟಲೆ ಸಹಿಸುತ್ತಾರೆ.

ವೈದ್ಯಶಾಸ್ತ್ರವು ಈ ತೊಂದರೆಯನ್ನು ‘ಅತಿಕ್ರಿಯಾಶೀಲ ಮೂತ್ರಾಶಯ’ ಎಂದು ಕರೆಯುತ್ತದೆ. ಸೋಂಕು ಮೊದಲಾದ ಬೇರೆ ಕಾರಣಗಳಿಲ್ಲದಿದ್ದರೂ, ಹಠಾತ್ತನೆ ಒತ್ತರಿಸಿ ಬಂದು ತಡೆಹಿಡಿಯಲು ಕಷ್ಟವಾಗುವ ಮೂತ್ರಶಂಕೆಯೇ ಇದರ ಮುಖ್ಯ ಲಕ್ಷಣ. ಪದೇ ಪದೇ ಹೋಗಬೇಕಾಗುವುದು, ರಾತ್ರಿ ನಿದ್ದೆಯಿಂದೇಳುವುದು ಸಾಮಾನ್ಯವಾಗಿ ಅದರ ಜೊತೆಗಿರುತ್ತವೆ. ಕೆಲವರಿಗೆ ಶೌಚಾಲಯ ತಲುಪುವ ಮೊದಲೇ ಮೂತ್ರ ಸೋರುವುದೂ ಉಂಟು.

ಜ್ವರವನ್ನು ಥರ್ಮಾಮೀಟರ್ ಅಳೆಯುತ್ತದೆ; ಅವಸರವನ್ನು ಅಳೆಯುವ ಅಂಥ ಉಪಕರಣವಿಲ್ಲ. ಅನುಭವಿಸುವವಳೇ ಅಳೆಯಬೇಕು. ಅದಕ್ಕೆಂದು ವೈದ್ಯರು ಬಳಸುವ ಮಾಪನಗಳಲ್ಲೊಂದು 0ಯಿಂದ 4ರವರೆಗಿನದು. ಅವಸರವೇ ಇಲ್ಲದೆ ಬೇರೆ ಕಾರಣಕ್ಕೆ ಹೋದರೆ 0. ಬೇಕಾದಷ್ಟು ಹೊತ್ತು ತಡೆಯಬಹುದಾದರೆ 1. ಸ್ವಲ್ಪ ಹೊತ್ತು ಮಾತ್ರ ತಡೆಯಬಹುದಾದರೆ 2. ಕೈಗೆತ್ತಿಕೊಂಡ ಕೆಲಸ ಬಿಟ್ಟು ಓಡಲೇಬೇಕಾದರೆ 3. ತಲುಪುವ ಮೊದಲೇ ಸೋರಿದರೆ 4.

ಈ ಅಂಕೆಗಳನ್ನು ಬರೆಯುವ ಸ್ಥಳ ‘ಮೂತ್ರದ ದಿನಚರಿ’. ಸಾಮಾನ್ಯವಾಗಿ 3 ದಿನ, ಪ್ರತಿ ಸಲವೂ ಹೋದ ಹೊತ್ತು, ಅಳತೆಯ ಪಾತ್ರೆಯಲ್ಲಿ ಕಂಡ ಮಿಲಿಲೀಟರ್, ಕುಡಿದ ನೀರು, ಚಹಾ, ಕಾಫಿ ಮತ್ತು ಅವಸರದ ಅಂಕೆಯನ್ನು ಗುರುತಿಸಬೇಕು. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಗೆರೆ ಹಾಕಿಕೊಂಡರೂ ಸಾಕು. ಆ ದಿನಗಳಲ್ಲಿ ಎಂದಿನಂತೆಯೇ ನೀರು ಕುಡಿಯಬೇಕು. ಇಲ್ಲವಾದರೆ ಬರೆದ ಲೆಕ್ಕ ನಿಜ ಸ್ಥಿತಿಯನ್ನು ತೋರಿಸದು.

ಗಡಿಯಾಚೆಯ ಕನ್ನಡತಿಗೆ ಇದರಿಂದ ಇನ್ನೊಂದು ಉಪಕಾರವುಂಟು. ಆಸ್ಪತ್ರೆಯ ಮಾತು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು ಆಗಿರಬಹುದು. ಸಂಕೋಚದ ವಿಷಯವನ್ನು ಪರಭಾಷೆಯಲ್ಲಿ ವಿವರಿಸುವುದು ಇಮ್ಮಡಿ ಕಷ್ಟ. ಆದರೆ ‘ದಿನಕ್ಕೆ 6 ಸಲ 3, ಒಮ್ಮೆ 4’ ಎಂಬ ಬರಹ ಯಾವ ವೈದ್ಯರಿಗೂ ಅರ್ಥವಾಗುತ್ತದೆ. ಅಂಕೆಗಳ ಅರ್ಥವನ್ನು ಮಾತ್ರ ಮೊದಲು ಕನ್ನಡದಲ್ಲೇ ಸರಿಯಾಗಿ ತಿಳಿದುಕೊಂಡಿರಬೇಕು.

ವೈದ್ಯರು ಮೂತ್ರಪರೀಕ್ಷೆಯಿಂದ ಸೋಂಕನ್ನು ಪತ್ತೆಹಚ್ಚಬಲ್ಲರು. ಉರಿ ಅಥವಾ ರಕ್ತ ಕಂಡರೆ ದಿನಚರಿಗಾಗಿ ಕಾಯದೆ ಅವರನ್ನು ಕಾಣಬೇಕು. ಅತಿಕ್ರಿಯಾಶೀಲ ಮೂತ್ರಾಶಯಕ್ಕೆ ಹೋಗುವ ವೇಳೆಯನ್ನು ಮೆಲ್ಲಮೆಲ್ಲನೆ ಮುಂದೂಡುವ ಅಭ್ಯಾಸ, ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ಅಗತ್ಯವಿದ್ದರೆ ಔಷಧ ಇವೆ. ಕೆಲವು ವಾರಗಳ ಬಳಿಕ ಮತ್ತೆ 3 ದಿನ ಬರೆದು ನೋಡಿದಾಗ, 3 ಇದ್ದಲ್ಲಿ 2 ಕಂಡರೆ ಅದೇ ಗುಣದ ಸಾಕ್ಷಿ. ಆಗ ಆ ತಾಯಿ ನೀರು ಕುಡಿದೇ ಸಭೆಗೆ ಹೊರಡಬಹುದು.