ಕೋಳಿಮರಿಗಳ ಬೆಳವಣಿಗೆ: ಆಹಾರ ಹಿಟ್ಟಾಗಿರಬೇಕೋ, ನುಚ್ಚಾಗಿರಬೇಕೋ?

“ತಟ್ಟೆಯ ತುಂಬ ಆಹಾರ ಹಾಕುತ್ತೇವೆ, ರೋಗವೇನೂ ಕಾಣದು, ಆದರೂ ಮರಿಗಳು ಬೆಳೆಯುತ್ತಿಲ್ಲ” ಎಂಬ ದೂರು ಕೋಳಿ ಸಾಕುವ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇಂಥ ಸಂದರ್ಭದಲ್ಲಿ ತಳಿಯನ್ನು ಹಳಿಯುವ ಮೊದಲು ತಟ್ಟೆಯ ತಳವನ್ನು ನೋಡಬೇಕು. ಅಲ್ಲಿ ನುಣ್ಣನೆಯ ಹಿಟ್ಟು ಉಳಿದಿದ್ದರೆ ಕಾರಣವು ಅದೇ ಆಗಿರಬಹುದು.

ಮರಿ ಆಹಾರ ಆರಿಸುವ ಬಗೆ

ಕೋಳಿಮರಿಗೆ ಹಲ್ಲಿಲ್ಲ, ನಾಲಗೆಯ ರುಚಿಯೂ ನಮ್ಮಷ್ಟಿಲ್ಲ. ಅದು ಕಣ್ಣಿನಿಂದ ನೋಡಿ, ಕೊಕ್ಕಿನಿಂದ ಮುಟ್ಟಿ ಆಹಾರವನ್ನು ಆರಿಸುತ್ತದೆ. ಕೊಕ್ಕಿಗೆ ಸಿಕ್ಕುವ ಕಣವನ್ನು ಸುಲಭವಾಗಿ ನುಂಗುತ್ತದೆ. ಹಿಟ್ಟಾದರೋ ಬಾಯಿಯ ತೇವಕ್ಕೆ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ. ಸ್ವಲ್ಪ ತಿನ್ನಲು ಬಹಳ ಹೊತ್ತು ಹಿಡಿಯುತ್ತದೆ. ಮೈ ಬೆಳೆಸಬೇಕಾದ ಶಕ್ತಿಯಲ್ಲಿ ಒಂದು ಪಾಲು ತಿನ್ನುವ ಶ್ರಮಕ್ಕೇ ಹೋಗುತ್ತದೆ.

ನುಚ್ಚು, ಹಿಟ್ಟು ಎರಡೂ ಬೆರೆತಿದ್ದರೆ ಮರಿಗಳು ನುಚ್ಚನ್ನು ಹೆಕ್ಕಿ ಹಿಟ್ಟನ್ನು ಬಿಡುತ್ತವೆ. ಆದರೆ ಖನಿಜಗಳು ಮತ್ತು ಜೀವಸತ್ವಗಳು ಹೆಚ್ಚಾಗಿ ಇರುವುದು ಆ ಪುಡಿಯಲ್ಲಿಯೇ. ಬಲವಾದ ಮರಿಗಳು ಮುಂದೆ ನುಗ್ಗಿ ನುಚ್ಚು ತಿಂದರೆ, ಬಡಮರಿಗಳಿಗೆ ಪುಡಿಯೇ ಗತಿ. ಹೀಗಾಗಿ ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಕೆಲವು ದೊಡ್ಡವೂ ಕೆಲವು ಚಿಕ್ಕವೂ ಆಗುತ್ತವೆ.

ತಕ್ಕ ಗಾತ್ರ

ಮೊದಲ ಎರಡು ವಾರ ರಾಗಿಕಾಳಿನ ಗಾತ್ರದ ಕಣ, ಅಂದರೆ 1ರಿಂದ 2 ಮಿಲಿಮೀಟರಿನದು, ಒಳ್ಳೆಯದು. ಅಂಗಡಿಯಲ್ಲಿ ‘ಕ್ರಂಬಲ್’ ಎಂದು ಮಾರುವುದು ಒತ್ತಿ ಮಾಡಿದ ಗುಳಿಗೆಯನ್ನು ಒಡೆದ ಚೂರು. ಪ್ರತಿ ಚೂರಿನಲ್ಲಿಯೂ ಎಲ್ಲ ಪದಾರ್ಥಗಳು ಸೇರಿರುವುದರಿಂದ ಮರಿ ಬೇಕಾದ್ದನ್ನು ಹೆಕ್ಕಿ ಬೇಡವಾದ್ದನ್ನು ಬಿಡಲಾಗದು. ನಮ್ಮ ಕಡೆ ಚೀಲದ ಮೇಲಿನ ಬರಹ ಮರಾಠಿಯಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಇರಬಹುದು. ಎಳೆಯ ಮರಿಗಳ ‘ಸ್ಟಾರ್ಟರ್’ ಆಹಾರವೇ ಎಂದು ಅಂಗಡಿಯವರನ್ನು ಕೇಳಿ, ಒಂದು ಹಿಡಿ ಅಂಗೈಗೆ ಹಾಕಿಕೊಂಡು ಕಣವನ್ನೂ ಪುಡಿಯನ್ನೂ ನೋಡಿಯೇ ಕೊಳ್ಳತಕ್ಕದ್ದು.

ಮನೆಯಲ್ಲಿಯೇ ಕಲಸುವವರು ಜೋಳವನ್ನಾಗಲಿ ಮೆಕ್ಕೆಜೋಳವನ್ನಾಗಲಿ ಗಿರಣಿಯಲ್ಲಿ ಉಪ್ಪಿಟ್ಟಿನ ರವೆಯಂತೆ ಒಡೆಸಬೇಕು, ಹಿಟ್ಟು ಮಾಡಿಸಕೂಡದು. ತರಿಯಾದ ಆಹಾರದಿಂದ, ಕಾಳನ್ನು ಅರೆಯುವ ಹೊಟ್ಟೆಯ ದಪ್ಪ ಮಾಂಸಚೀಲವೂ ಬಲಗೊಳ್ಳುತ್ತದೆ. ಹಿಂಡಿ, ತೌಡು, ಖನಿಜ ಮಿಶ್ರಣಗಳನ್ನು ಸೇರಿಸಿದ ಮೇಲೆ ಸ್ವಲ್ಪ ಅಡುಗೆ ಎಣ್ಣೆ ಹಾಕಿ ಚೆನ್ನಾಗಿ ಕಲಸಿದರೆ ಪುಡಿಯು ನುಚ್ಚಿಗೆ ಹತ್ತಿಕೊಳ್ಳುತ್ತದೆ. ನೀರಿನಲ್ಲಿ ಕಲಸಿದ ಆಹಾರವನ್ನು ಮರಿಗಳು ಇಷ್ಟಪಟ್ಟು ತಿನ್ನುತ್ತವೆ; ಆದರೆ ಅದು ಬೇಗ ಹುಳಿಯುತ್ತದೆ. ಎರಡು ಗಂಟೆಯೊಳಗೆ ಮುಗಿಯುವಷ್ಟನ್ನೇ ಇಟ್ಟು, ಉಳಿದುದನ್ನು ತೆಗೆದುಬಿಡಬೇಕು.

ಗಮನಿಸಬೇಕಾದ ಅಂಶಗಳು

1. ಮೊದಲ ದಿನ ತಟ್ಟೆಯ ಜೊತೆಗೆ ಕಾಗದದ ಮೇಲೂ ಆಹಾರ ಚೆಲ್ಲಿರಿ. ಕಣಗಳು ಮರಿಗಳ ಕಣ್ಣಿಗೆ ಬೇಗ ಬೀಳುತ್ತವೆ.

2. ಮರುದಿನ ಕೆಲವು ಮರಿಗಳ ಕತ್ತಿನ ಬುಡದ ಮೇವಿನ ಚೀಲವನ್ನು ಮೆಲ್ಲಗೆ ಮುಟ್ಟಿ ನೋಡಿರಿ. ತುಂಬಿ ಮೆತ್ತಗಿದ್ದರೆ ಸರಿ. ಬರಿದಾಗಿದ್ದರೆ ಮರಿ ತಿಂದಿಲ್ಲ. ಗಟ್ಟಿಯಾಗಿದ್ದರೆ ನೀರು ಸಾಲದು.

3. ಆಹಾರವನ್ನು ಒಮ್ಮೆಗೇ ಬದಲಿಸಬೇಡಿರಿ. ಬಣ್ಣ, ಗಾತ್ರ ಬದಲಾದರೆ ಮರಿಗಳು ಅನುಮಾನಿಸಿ ತಿನ್ನುವುದನ್ನು ಕಡಿಮೆ ಮಾಡುತ್ತವೆ. ನಾಲ್ಕೈದು ದಿನ ಹಳೆಯದರೊಡನೆ ಹೊಸದನ್ನು ಬೆರೆಸುತ್ತ ಬನ್ನಿರಿ.

4. ವಾರಕ್ಕೊಮ್ಮೆ ಹತ್ತು ಮರಿಗಳನ್ನು ತೂಗಿ ಬರೆದಿಡಿರಿ. ಹುಟ್ಟಿದಾಗ ಸುಮಾರು 40 ಗ್ರಾಂ ಇರುವ ಬ್ರಾಯ್ಲರ್ ಮರಿ ಒಂದು ವಾರಕ್ಕೆ ಅದರ ನಾಲ್ಕರಷ್ಟಾಗಬೇಕು. ಜವಾರಿ ಮರಿಗೆ ಈ ಲೆಕ್ಕ ಹೊಂದದು. ಅದು ನಿಧಾನವಾಗಿ ಬೆಳೆಯುತ್ತದೆ.

ನೋಟವನ್ನೇ ನಂಬಬೇಡಿರಿ

ಕಣ ಚೆನ್ನಾಗಿದ್ದ ಮಾತ್ರಕ್ಕೆ ಆಹಾರ ಒಳ್ಳೆಯದೆನ್ನುವಂತಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತುವು. ಆಹಾರದಲ್ಲಿದ್ದ ಶೇಂಗಾ ಹಿಂಡಿಗೆ ಹತ್ತಿದ್ದ ಬೂಷ್ಟಿನ ವಿಷವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಆ ವಿಷ ಕಣ್ಣಿಗೆ ಕಾಣುವುದಿಲ್ಲ. ಮಡಕಶಿರ, ರಾಯದುರ್ಗದ ಕಡೆ ಶೇಂಗಾ ಬೆಳೆಯುವವರಿಗೆ ಹಿಂಡಿ ಸುಲಭವಾಗಿ ಸಿಗುತ್ತದೆ. ಅದು ನೆನೆದಿದ್ದರೆ, ಮುಗ್ಗಲು ನಾರಿದರೆ, ಅಗ್ಗವೆಂದು ಮರಿಗಳಿಗೆ ಹಾಕಲೇಕೂಡದು. ಬಿಸಿಲಿಗೆ ಒಣಗಿಸಿದರೂ ವಿಷ ಪೂರ್ತಿ ಹೋಗದು.

ಇಂದು ಸಂಜೆ ತಟ್ಟೆಯಲ್ಲಿ ಉಳಿದುದನ್ನು ಜರಡಿ ಹಿಡಿದು ನೋಡಿರಿ. ಬರಿಯ ಪುಡಿಯೇ ಬಿದ್ದರೆ, ನಾಳೆ ಗಿರಣಿಯವರಿಗೆ ಇನ್ನಷ್ಟು ತರಿಯಾಗಿ ಒಡೆಯಲು ಹೇಳಿರಿ.